ಜೇಬಿನ ಚಾಕು: ಒಂದು ಬೀಗದ ಚರಿತ್ರೆ

ಕಳೆದ ವರ್ಷ ಮೇ ತಿಂಗಳಲ್ಲಿ, ಪುಣೆಯ ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆ ಬಿಚ್ಚಲು ಹೋಗಿ ಬೆರಳು ಕೊಯ್ದುಕೊಂಡೆ. ಚಾಕು ನನ್ನದೇ. ಎಷ್ಟೋ ವರ್ಷದ ಹಿಂದೆ ಊರಿನ ಜಾತ್ರೆಯಲ್ಲಿ ಕೊಂಡ, ಹೆಸರು ದಸೆಯಿಲ್ಲದ ಒಂದು ಮಡಚುವ ಚಾಕು. ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಮೊನೆ ತೂರಿಸಿ ಒತ್ತಿದೆ. ಪಟ್ಟಿ ಹರಿಯುವ ಬದಲು ಅಲಗೇ ಹಿಡಿಯೊಳಕ್ಕೆ ಮಡಚಿಕೊಂಡಿತು. ನಡುವೆ ಸಿಕ್ಕಿದ್ದು ನನ್ನ ತೋರುಬೆರಳು. ಮೂರು ಹೊಲಿಗೆ ಬಿತ್ತು.

ಹೊಲಿಗೆಗಿಂತ ಹೆಚ್ಚು ದಿನ ಉಳಿದದ್ದು ತಂಡದ ಹುಡುಗನೊಬ್ಬ ಟಿಶ್ಯೂ ಕೊಡುತ್ತಾ ಹಿಂದಿಯಲ್ಲಿ ಆಡಿದ ಮಾತು: "ಏನು ಸರ್, ರಾಂಪುರಿ ಇಟ್ಟುಕೊಂಡು ಓಡಾಡ್ತೀರಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮರುದಿನ ಪ್ಯಾಂಟ್ರಿಯಲ್ಲಿ ಒಬ್ಬಿಬ್ಬರು ನನ್ನ ಜೇಬಿನ ಕಡೆ ನೋಡಿದ ಹಾಗೆ ಅನ್ನಿಸಿತು. ಅದೇ ಪ್ಯಾಂಟ್ರಿಯ ಡ್ರಾಯರಿನಲ್ಲಿ ಬ್ರೆಡ್ಡು ಕೊಯ್ಯುವ, ನನ್ನ ಚಾಕುವಿನ ಮೂರರಷ್ಟು ಉದ್ದದ ಚಾಕು ಬಿದ್ದಿತ್ತು. ಅದನ್ನು ಯಾರೂ ಎರಡನೇ ಬಾರಿ ನೋಡುವುದಿಲ್ಲ.

ಬೆರಳು ಮಾಯುವ ಹೊತ್ತಿಗೆ ತಲೆಯಲ್ಲಿ ಎರಡು ಪ್ರಶ್ನೆ ಉಳಿದಿದ್ದವು. ನನ್ನ ಚಾಕು ಯಾಕೆ ಮಡಚಿಕೊಂಡಿತು? ಮಡಚುವ ಚಾಕು ಕಂಡರೆ ಜನ ಯಾಕೆ ಬೆಚ್ಚುತ್ತಾರೆ? ಗಟ್ಟಿಯಾದ, ದಿನವೂ ಜೇಬಿನಲ್ಲಿಟ್ಟುಕೊಳ್ಳಬಹುದಾದ ಹೊಸ ಚಾಕು ಆರಿಸಲು ಹೊರಟವನಿಗೆ ಈ ಎರಡೂ ಪ್ರಶ್ನೆಗಳು ಕೊನೆಗೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ ಅನ್ನುವುದು ನಿಧಾನವಾಗಿ ತಿಳಿಯಿತು. ಆ ಜಾಗ ಅಲಗು ಮತ್ತು ಹಿಡಿ ಕೂಡುವ ಕೀಲು. ಅಲ್ಲಿ ಇರುವ ಅಥವಾ ಇಲ್ಲದಿರುವ ಒಂದು ಬೀಗ.

ಸ್ಪ್ರಿಂಗಿನ ಕಾಲ

ಮಡಚುವ ಚಾಕು ಹೊಸದಲ್ಲ. ಆಸ್ಟ್ರಿಯಾದ ಹಾಲ್‌ಶ್ಟಾಟ್‌ನಲ್ಲಿ ಸಿಕ್ಕ ಒಂದು, ಕ್ರಿಸ್ತಪೂರ್ವ ಆರನೇ ಶತಮಾನದ ಸುಮಾರಿನದು. ರೋಮನ್ನರ ಬಳಿಯೂ ಇದ್ದವು. ಹಳೆಯ ಚಾಕುಗಳ ರಚನೆ ಸರಳ: ಹಿಡಿಯಲ್ಲೊಂದು ಸೀಳು, ಅಲಗಿಗೊಂದು ತೂತು, ಎರಡನ್ನೂ ಸೇರಿಸುವ ಒಂದು ಮೊಳೆ. ತೆರೆದ ಅಲಗನ್ನು ತೆರೆದಂತೆಯೇ ಇಡುವುದು ಮೊಳೆಯ ಬಿಗಿ ಮತ್ತು ನಿಮ್ಮ ಕೈಯ ಹಿಡಿತ, ಅಷ್ಟೇ.

ಯುರೋಪಿನಲ್ಲಿ ಹದಿನೇಳನೇ ಶತಮಾನದಲ್ಲಿ ಇದಕ್ಕೆ ಒಂದು ಸುಧಾರಣೆ ಬಂತು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗ್ ಕೂರಿಸಿದರು. ಅದು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ. ತೆರೆಯುವಾಗ ಒಮ್ಮೆ ಟಕ್, ಮುಚ್ಚುವಾಗ ಒಮ್ಮೆ ಟಕ್. ಇಂಗ್ಲೆಂಡಿನ ಶೆಫೀಲ್ಡ್ ಇಂಥ ಚಾಕುಗಳ ರಾಜಧಾನಿಯಾಯಿತು. ಹಕ್ಕಿಯ ಗರಿಯ ಲೇಖನಿಯನ್ನು ಹೆರೆಯಲು ಬಳಸುತ್ತಿದ್ದ ಪುಟ್ಟ ಚಾಕುವಿಗೆ 'ಪೆನ್ ನೈಫ್' ಅನ್ನುವ ಹೆಸರು ಬಂತು. ಗರಿಯ ಲೇಖನಿ ಹೋಗಿ ಎಷ್ಟೋ ಕಾಲವಾದರೂ ಹೆಸರು ಹಾಗೇ ಉಳಿದಿದೆ.

ಈ ಸ್ಪ್ರಿಂಗ್ ಬೀಗವಲ್ಲ. ಬೀಗದ ಭ್ರಮೆ. ಲೆಕ್ಕ ಹಾಕಿ ನೋಡಿ. ಅಲಗಿನ ಉದ್ದ 80 ಮಿಲಿಮೀಟರ್ ಅಂದುಕೊಳ್ಳಿ. ಸ್ಪ್ರಿಂಗ್ ಒತ್ತುವ ಜಾಗ ಕೀಲಿನಿಂದ ಸುಮಾರು 5 ಮಿಲಿಮೀಟರ್ ದೂರ. ಅಂದರೆ ಮೊನೆಯಲ್ಲಿ ಬಿದ್ದ ಬಲಕ್ಕೆ ಸ್ಪ್ರಿಂಗಿನ ಬಲಕ್ಕಿಂತ 16 ಪಟ್ಟು ಉದ್ದದ ಸನ್ನೆಗೋಲು ಸಿಗುತ್ತದೆ. ಸ್ಪ್ರಿಂಗ್ 16 ಕಿಲೋ ಭಾರದಷ್ಟು ಒತ್ತುತ್ತಿದ್ದರೂ ಮೊನೆಯ ಬೆನ್ನಿಗೆ ಒಂದು ಕಿಲೋ ಬಿದ್ದರೆ ಅಲಗು ಸೋಲುತ್ತದೆ. ನೇರವಾಗಿ ಹಣ್ಣು ಕೊಯ್ಯುವಾಗ ಬಲ ಅಲಗನ್ನು ಇನ್ನಷ್ಟು ತೆರೆಯುವ ಕಡೆಗೇ ಇರುತ್ತದೆ, ಹಾಗಾಗಿ ಅಪಾಯವಿಲ್ಲ. ಮೊನೆಯಿಂದ ಚುಚ್ಚಿದಾಗ, ಅಥವಾ ಸಿಕ್ಕಿಕೊಂಡ ಅಲಗನ್ನು ಎಳೆದಾಗ, ಬಲ ತಿರುಗಿ ಬೀಳುತ್ತದೆ. ನನ್ನ ಮೂರು ಹೊಲಿಗೆಯ ಕಾರಣ ಇಷ್ಟೇ. ಚಾಕು ಕೆಟ್ಟದಿರಲಿಲ್ಲ. ನಾನು ಅದಕ್ಕೆ ಹೇಳಿದ ಕೆಲಸ ಅದರದ್ದಲ್ಲ.

ಶೆಫೀಲ್ಡಿನ ಮಾತು ಬಂದಾಗ ನಮ್ಮ ನಂಟೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅಲ್ಲಿ ಮೂಸೆಯಲ್ಲಿ ಕರಗಿಸಿದ ಉಕ್ಕನ್ನು ಮಾಡಿದ. ಮೂಸೆಯ ಉಕ್ಕು ದಕ್ಷಿಣ ಭಾರತದಲ್ಲಿ ಅದಕ್ಕಿಂತ ಶತಮಾನಗಳ ಹಿಂದಿನಿಂದ ಇತ್ತು. 1790ರ ದಶಕದಲ್ಲಿ ಅದರ ಮಾದರಿಗಳು ಮುಂಬಯಿಯಿಂದ ಲಂಡನ್ನಿಗೆ ಹೋದವು, 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದ. ಇಂಗ್ಲಿಷರು ಅದನ್ನು ಕರೆದ 'ವೂಟ್ಸ್' ಎಂಬ ಹೆಸರಿನ ಹಿಂದೆ ನಮ್ಮ 'ಉಕ್ಕು' ಇದೆ ಎಂದು ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಈ ಉಕ್ಕನ್ನು ಮೆಚ್ಚಿ, ಮುಂದೆ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಅದರಂಥ ಮಿಶ್ರಲೋಹಗಳನ್ನು ಮಾಡಲು ಪ್ರಯೋಗ ನಡೆಸಿದ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ಇಷ್ಟು ಉಕ್ಕು ಇದ್ದ ನಾಡಿನ ಮನೆಗಳಲ್ಲಿ ನಾನು ಕಂಡ ಅಲಗುಗಳು ಹೆಚ್ಚಾಗಿ ನೆಲಕ್ಕೆ ಅಂಟಿದವು. ಮೆಟ್ಟುಗತ್ತಿ, ಕುಡುಗೋಲು, ಮಚ್ಚು, ಈಳಿಗೆ ಮಣೆ. ಈಳಿಗೆ ಮಣೆಯ ಅಲಗು ಮಡಚುತ್ತದೆ, ಮರೆಯಬೇಡಿ. ಇಲ್ಲಿ ಪುಣೆಯ ಹಳೆಯ ಮನೆಗಳಲ್ಲಿ ಅದನ್ನೇ 'ವಿಳೀ' ಅನ್ನುತ್ತಾರೆ. ಅದಕ್ಕೆ ಬೀಗ ಬೇಕಿಲ್ಲ, ಕೂತವರ ಭಾರವೇ ಬೀಗ. ಕೈ ಅಲಗಿನ ಕಡೆ ಹೋಗುವುದಿಲ್ಲ, ಬದನೆಕಾಯಿ ಹೋಗುತ್ತದೆ. ಜೇಬಿನ ಚಾಕುವಿನ ಸಮಸ್ಯೆ ಹುಟ್ಟುವುದು ಅಲಗು ನೆಲ ಬಿಟ್ಟು ಕೈಗೆ ಬಂದಾಗ.

ಸದ್ದು ಮಾಡುವ ಬೀಗ

ಅಲಗು ಕೈಗೆ ಬಂದ ಮೇಲೆ ಬೆರಳನ್ನು ಕಾಯಲು ಬೀಗ ಬೇಕಾಯಿತು. ಅದರ ಮೊದಲ ಪ್ರಸಿದ್ಧ ರೂಪಗಳಲ್ಲಿ ಒಂದು ಸ್ಪೇನಿನ ನವಾಹಾ. ಅಲಗಿನ ಬುಡದಲ್ಲಿ ಹಲ್ಲುಗಳು, ಹಿಡಿಯ ಬೆನ್ನಿನಲ್ಲಿ ಸ್ಪ್ರಿಂಗ್. ತೆರೆಯುವಾಗ ಸ್ಪ್ರಿಂಗ್ ಒಂದೊಂದೇ ಹಲ್ಲು ದಾಟುತ್ತಾ ಕಟಕಟ ಸದ್ದು ಮಾಡುತ್ತದೆ. ಸ್ಪ್ಯಾನಿಷರು ಆ ರಚನೆಯನ್ನು ಕರೆಯುವುದೇ 'ಕರಾಕಾ', ಗಿಲಕಿ ಎಂದು. ಒಮ್ಮೆ ತೆರೆದರೆ ಅಲಗು ಹಿಂದೆ ಬರುವುದಿಲ್ಲ. ಹದಿನೆಂಟನೇ ಶತಮಾನದ ದೊರೆಗಳು ಸಾಮಾನ್ಯ ಜನ ಆಯುಧ ಒಯ್ಯುವುದರ ಮೇಲೆ ಮತ್ತೆ ಮತ್ತೆ ನಿಷೇಧ ಹಾಕಿದರು. ನವಾಹಾ ಹೊಲದ ರೈತನ ಕೈಯಲ್ಲೂ ಇತ್ತು, ಜಗಳಗಂಟನ ಕೈಯಲ್ಲೂ ಇತ್ತು. 1849ರಲ್ಲಿ ಮ್ಯಾಡ್ರಿಡ್‌ನಲ್ಲಿ ನವಾಹಾ ಹಿಡಿದು ಕಾದಾಡುವುದನ್ನು ಕಲಿಸುವ ಕೈಪಿಡಿಯೇ ಅಚ್ಚಾಯಿತು. ಆದರೂ ನವಾಹಾ ಸಾಯಲಿಲ್ಲ. ಅಲ್ಬಾಸೆತೆ ಪಟ್ಟಣ ಇವತ್ತಿಗೂ ಅದರ ಹೆಸರಿನಲ್ಲಿ ಬದುಕುತ್ತಿದೆ, ಅಲ್ಲಿ ಚಾಕುವಿಗೊಂದು ಮ್ಯೂಸಿಯಂ ಇದೆ.

ಇದೇ ತತ್ವದ ಬೀಗ ನಮ್ಮಲ್ಲೂ ಇದೆ, ರಾಂಪುರದಲ್ಲಿ. ಸಿನಿಮಾ ಬಿಟ್ಟು ನೋಡಿದರೆ ರಾಂಪುರ ಬೇರೆಯೇ ಊರು. 1774ರಲ್ಲಿ ರೋಹಿಲ್ಲ ನವಾಬರ ಸಂಸ್ಥಾನವಾದದ್ದು. ರಜಾ ಲೈಬ್ರರಿಯ ಹಸ್ತಪ್ರತಿಗಳ ಊರು. ಸಂಗೀತದಲ್ಲಿ ರಾಂಪುರ-ಸಹಸ್ವಾನ್ ಘರಾಣೆಯ ಊರು. ಗದಗಿನ ಮನೆ ಬಿಟ್ಟು ಗುರುವಿಗಾಗಿ ಉತ್ತರ ಭಾರತವನ್ನು ಅಲೆದ ಹುಡುಗ ಭೀಮಸೇನ ಜೋಶಿ ರಾಂಪುರಕ್ಕೂ ಹೋಗಿ ಉಸ್ತಾದ್ ಮುಷ್ತಾಕ್ ಹುಸೇನ್ ಖಾನರ ಬಳಿ ಕಲಿತಿದ್ದರು. ಮುಂದೆ ಪುಣೆಯನ್ನೇ ಮನೆ ಮಾಡಿಕೊಂಡ ಆ ಕನ್ನಡಿಗರ ದನಿಯಲ್ಲಿ ಆ ಊರಿನ ಪಾಠವೂ ಸ್ವಲ್ಪ ಇತ್ತು. ಆದರೆ ನಮ್ಮ ಆಫೀಸಿನಲ್ಲಿ ಯಾರನ್ನು ಕೇಳಿದರೂ ರಾಂಪುರ ಅಂದರೆ ಒಂದೇ ವಸ್ತು.

ರಾಂಪುರಿ ಚಾಕುವಿನಲ್ಲಿ ಎರಡು ಮಾತು ಮುಖ್ಯ: 'ಗರಾರಿದಾರ್' ಮತ್ತು 'ಬಟನ್‌ದಾರ್'. ಗರಾರಿ ಅಂದರೆ ಹಲ್ಲಿನ ಚಕ್ರ. ಕಟಕಟ ಸದ್ದು ಅದರದ್ದು. ಬಟನ್ ಒತ್ತಿದರೆ ಬೀಗ ಬಿಡುತ್ತದೆ. ಕುಶಲಕರ್ಮಿಯ ಕಣ್ಣಿನಿಂದ ನೋಡಿದರೆ ಇದು ಹಿಡಿದವನ ಬೆರಳನ್ನು ಕಾಯುವ ಏರ್ಪಾಡು, ನನ್ನ ಜಾತ್ರೆಯ ಚಾಕುವಿನಲ್ಲಿ ಇಲ್ಲದಿದ್ದದ್ದು ಇದೇ. ಎದುರಿಗೆ ನಿಂತವನ ಕಿವಿಯಿಂದ ಕೇಳಿದರೆ ಇದು ಬೆದರಿಕೆ. ಹಿಂದಿ ಸಿನಿಮಾ ಎದುರಿಗೆ ನಿಂತವನ ಕಿವಿಯನ್ನು ಆರಿಸಿಕೊಂಡಿತು. 1965ರ 'ವಕ್ತ್' ಚಿತ್ರದಲ್ಲಿ ರಾಜಕುಮಾರ್ ಎದುರಾಳಿಯ ಚಾಕು ಕಿತ್ತುಕೊಂಡು ಹೇಳುವ ಮಾತಿಗೆ ಥಿಯೇಟರುಗಳು ಶಿಳ್ಳೆ ಹೊಡೆದವು. ಆಮೇಲಿನ ಎರಡು ದಶಕ ಖಳನ ಕೈಯಲ್ಲಿ ರಾಂಪುರಿ ತೆರೆಯುವ ಸದ್ದು ಹಿನ್ನೆಲೆ ಸಂಗೀತದಷ್ಟೇ ಪರಿಚಿತವಾಯಿತು. ಬಂದೂಕು ಸಿನಿಮಾದಲ್ಲೂ ಬೀದಿಯಲ್ಲೂ ಅಗ್ಗವಾದ ಮೇಲೆ ಚಾಕು ಹಿಂದೆ ಬಿತ್ತು, ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಕಾನೂನು ಯಾರ ಕಣ್ಣಿನಿಂದ ನೋಡಿತು

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 1962ರ ನಿಯಮಗಳು ಅಲಗನ್ನು ಅಳೆದದ್ದು ಇಂಚಿನಲ್ಲಿ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಚಾಕು ಆಯುಧಗಳ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆ ಮಾಡಿದವು ಇದಕ್ಕೆ ಹೊರತು. ಈ ಹೊರತು ಇಲ್ಲದಿದ್ದರೆ ಮಲೆನಾಡಿನ ಪ್ರತಿ ಕೊಟ್ಟಿಗೆಯಲ್ಲೂ ಒಂದೊಂದು ಕೇಸು ಆಗುತ್ತಿತ್ತು.

ದೆಹಲಿಯಲ್ಲಿ ಅಳತೆ ಇನ್ನೂ ಬಿಗಿಯಾಯಿತು. 1980ರ ಅಕ್ಟೋಬರಿನಲ್ಲಿ ಅಲ್ಲಿನ ಆಡಳಿತ ಹೊರಡಿಸಿದ ಅಧಿಸೂಚನೆ ಸ್ಪ್ರಿಂಗಿನಿಂದ ತೆರೆಯುವ, ಗರಾರಿದಾರ್, ಬಟನ್‌ದಾರ್ ಮತ್ತು ಬೇರೆ ಯಾವುದೇ ಯಾಂತ್ರಿಕ ಏರ್ಪಾಡಿನಿಂದ ತೆರೆಯುವ ಅಥವಾ ಮುಚ್ಚುವ ಚಾಕುಗಳನ್ನು ಹೆಸರಿಸಿತು. ಅಲಗು 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲ ಇದ್ದರೆ ಅದು ಅಧಿಸೂಚನೆಯ ವ್ಯಾಪ್ತಿಗೆ ಬರುತ್ತದೆ. 7.62 ಅಂದರೆ ಸರಿಯಾಗಿ ಮೂರು ಇಂಚು. ರಾಂಪುರದ ಕಮ್ಮಾರರ ಆಡುಮಾತುಗಳು ಹೀಗೆ ದೆಹಲಿಯ ಸರ್ಕಾರಿ ಇಂಗ್ಲಿಷಿನೊಳಗೆ ಹಾಗೇ ಬಂದು ಕೂತವು. ಒಂದು ಕಸುಬಿನ ಪಾರಿಭಾಷಿಕ ಪದ ಅಪರಾಧದ ಪಟ್ಟಿಯಲ್ಲಿ ಮಾತ್ರ ಉಳಿದ ಉದಾಹರಣೆ ನಾನು ಬೇರೆ ನೋಡಿಲ್ಲ. ಗಮನಿಸಿ, ಒಂದು ಅಡಿ ಉದ್ದದ ಅಡುಗೆ ಚಾಕುವಿನ ತಂಟೆಗೆ ಅಧಿಸೂಚನೆ ಹೋಗಿಲ್ಲ. ಕಾನೂನಿಗೆ ಕಂಡದ್ದು ಹರಿತವಲ್ಲ, ಕೀಲು.

ನಮ್ಮ ಸರ್ಕಾರವೊಂದೇ ಹೀಗೆ ಯೋಚಿಸಿದ್ದಲ್ಲ. ಇಂಗ್ಲೆಂಡಿನ 1988ರ ಕಾಯ್ದೆ ಮೂರು ಇಂಚಿನ ಒಳಗಿನ ಅಲಗಿರುವ ಮಡಚುವ ಜೇಬುಚಾಕುವಿಗೆ ವಿನಾಯಿತಿ ಕೊಟ್ಟಿದೆ. 1993ರ ಒಂದು ತೀರ್ಪಿನಲ್ಲಿ ಅಲ್ಲಿನ ನ್ಯಾಯಾಲಯ, ಬೀಗವಿರುವ ಚಾಕು 'ಮಡಚುವ ಜೇಬುಚಾಕು' ಅಲ್ಲವೇ ಅಲ್ಲ ಎಂದಿತು. ಬೀಗ ಬಿದ್ದ ಕ್ಷಣ ಅದು ಮಡಚದ ಚಾಕುವಿಗೆ ಸಮ ಅನ್ನುವುದು ವಾದ. ಬೆರಳು ಕಾಯುವ ಬೀಗವಿದ್ದರೆ ಸಕಾರಣ ಬೇಕು, ಬೆರಳು ಕೊಯ್ಯುವ ಸ್ಪ್ರಿಂಗ್ ಇದ್ದರೆ ಬೇಡ. ಶೆಫೀಲ್ಡಿನ ದೇಶದ ಕಾನೂನು ಇದು.

ಜಪಾನಿನ ಕಥೆ ಇನ್ನೂ ಮನಸ್ಸಿಗೆ ತಟ್ಟುವಂಥದ್ದು. 1876ರಲ್ಲಿ ಅಲ್ಲಿ ಸಮುರಾಯಿಗಳು ಕತ್ತಿ ಧರಿಸುವುದನ್ನು ನಿಷೇಧಿಸಲಾಯಿತು. 1890ರ ದಶಕದಲ್ಲಿ ಹ್ಯೋಗೊ ಪ್ರಾಂತ್ಯದ ಮಿಕಿ ಎಂಬ ಊರಿನ ಕಮ್ಮಾರರು ಮಾಡತೊಡಗಿದ ಸರಳ ಮಡಚು ಚಾಕುವಿಗೆ 'ಹಿಗೊನೊಕಾಮಿ' ಎಂದು ಹೆಸರು. ಮಡಚಿದ ತಗಡೇ ಹಿಡಿ, ಅಲಗಿನ ಬುಡದಲ್ಲಿ ಚಾಚಿಕೊಂಡ ಪುಟ್ಟ ಬಾಲ. ಬೀಗವಿಲ್ಲ, ಸ್ಪ್ರಿಂಗೂ ಇಲ್ಲ. ಹೆಬ್ಬೆರಳು ಆ ಬಾಲವನ್ನು ಒತ್ತಿ ಹಿಡಿದರೆ ಅದೇ ಬೀಗ. ಎರಡನೇ ಮಹಾಯುದ್ಧದ ನಂತರದ ತಲೆಮಾರಿನ ಮಕ್ಕಳು ಪೆನ್ಸಿಲ್ ಹೆರೆಯಲು ಇದನ್ನೇ ಶಾಲೆಗೆ ಒಯ್ಯುತ್ತಿದ್ದರು.

1960ರ ಅಕ್ಟೋಬರ್ 12ರಂದು ಟೋಕಿಯೋದ ವೇದಿಕೆಯೊಂದರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಇನೆಜಿರೋ ಮಾತಾಡುತ್ತಿದ್ದಾಗ 17 ವರ್ಷದ ಹುಡುಗನೊಬ್ಬ ಇರಿದು ಕೊಂದ. ಇರಿದದ್ದು ಗಿಡ್ಡ ಖಡ್ಗದಿಂದ, ಹಿಗೊನೊಕಾಮಿಯಿಂದಲ್ಲ. ಆದರೆ ಮಕ್ಕಳ ಕೈಗೆ ಅಲಗು ಕೊಡಬಾರದು ಎಂಬ ಚಳವಳಿ ದೇಶದ ತುಂಬಾ ಹಬ್ಬಿತು, ಪೆನ್ಸಿಲ್ ಪೆಟ್ಟಿಗೆಗಳಿಂದ ಹಿಗೊನೊಕಾಮಿ ಮಾಯವಾಯಿತು. ಹಿಗೊನೊಕಾಮಿ ಹೆಸರು ಬಳಸುವ ಹಕ್ಕಿನೊಂದಿಗೆ ಇಂದು ಮಿಕಿಯಲ್ಲಿ ಉಳಿದಿರುವುದು ನಾಗಾಓ ಮನೆತನದ ಒಂದೇ ಕಾರ್ಖಾನೆ. ಮಾಡದ ತಪ್ಪಿಗೆ ಒಂದು ಕಸುಬು ದಂಡ ತೆತ್ತಿತು.

ನಿಧಾನವಾಗಿ ತೆರೆಯುವ ಚಾಕು

ಹಾಗಾದರೆ ಬದುಕಿ ಉಳಿದ ಚಾಕುಗಳು ಏನು ಮಾಡಿದವು? ನಾನು ಎರಡನ್ನು ಹತ್ತಿರದಿಂದ ನೋಡಿದೆ.

ಮೊದಲನೆಯದು ಸ್ವಿಸ್ ಸೈನಿಕರ ಚಾಕು. ಅದರ ಚರಿತ್ರೆ ಶುರುವಾಗುವುದೇ ಆಯುಧದಿಂದ, ಆದರೆ ಆಯುಧವಾಗಿ ಅಲ್ಲ. 1889ರ ಹೊಸ ಸ್ವಿಸ್ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಾಗಿತ್ತು, ಊಟದ ಡಬ್ಬಿ ತೆರೆಯಲು ಓಪನರ್ ಬೇಕಾಗಿತ್ತು. ಎರಡನ್ನೂ ಸೇರಿಸಿದ ಚಾಕುವನ್ನು ಸೈನ್ಯ ಬಯಸಿತು. ಮೊದಲ ಕಂತು ಬಂದದ್ದು ಜರ್ಮನಿಯ ಜೋಲಿಂಗನ್‌ನಿಂದ. ಸ್ವಿಸ್ ಸೈನಿಕನ ಚಾಕು ಸ್ವಿಸ್ ಕೈಯಲ್ಲೇ ಆಗಬೇಕೆಂದು ಇಬಾಖ್ ಎಂಬ ಹಳ್ಳಿಯ ಕಾರ್ಲ್ ಎಲ್ಸೆನರ್ ಇತರ ಚಾಕು ತಯಾರಕರನ್ನು ಕೂಡಿಸಿಕೊಂಡು 1891ರಿಂದ ಪೂರೈಸತೊಡಗಿದ. ನಷ್ಟವಾಗಿ ದಿವಾಳಿಯ ಅಂಚಿಗೆ ಬಂದ. 1897ರ ಜೂನ್ 12ರಂದು ನೋಂದಾಯಿಸಿದ, ಹಗುರವಾದ 'ಅಧಿಕಾರಿಗಳ ಚಾಕು' ಅವನನ್ನು ಉಳಿಸಿತು. ತಾಯಿ ವಿಕ್ಟೋರಿಯಾ ತೀರಿಕೊಂಡ ಮೇಲೆ ಆಕೆಯ ಹೆಸರನ್ನೇ ಗುರುತಾಗಿಸಿದ. ತುಕ್ಕು ಹಿಡಿಯದ ಉಕ್ಕಿಗಿರುವ ಫ್ರೆಂಚ್ ಹೆಸರಿನ 'ಇನಾಕ್ಸ್' 1921ರಲ್ಲಿ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಅದರ ಸಣ್ಣ ಚಾಕುಗಳಲ್ಲಿ ಇವತ್ತಿಗೂ ಬೀಗವಿಲ್ಲ, ಶೆಫೀಲ್ಡಿನ ಸ್ಪ್ರಿಂಗೇ. ಆದರೆ ಸ್ಕ್ರೂಡ್ರೈವರ್, ಓಪನರ್, ಕತ್ತರಿಗಳ ನಡುವೆ ಅಲಗು ಹತ್ತರಲ್ಲಿ ಒಂದಾಗಿ ಹೋಗುತ್ತದೆ. ಕೆಂಪು ಹಿಡಿಯ ಆ ಚಾಕು ತೆಗೆದರೆ ಪ್ಯಾಂಟ್ರಿಯಲ್ಲಿ ಯಾರೂ ಬೆಚ್ಚುವುದಿಲ್ಲ, 'ಸ್ಕ್ರೂಡ್ರೈವರ್ ಇದೆಯಾ' ಎಂದು ಕೇಳುತ್ತಾರೆ. 2001ರ ಸೆಪ್ಟೆಂಬರ್ 11ರ ನಂತರ ವಿಮಾನಗಳಲ್ಲಿ ಚಾಕುವಿಗೆ ಬಾಗಿಲು ಮುಚ್ಚಿ ಮಾರಾಟ ಕುಸಿದಾಗಲೂ ಕಂಪನಿ ಕೆಲಸಗಾರರನ್ನು ತೆಗೆಯಲಿಲ್ಲ. ನನ್ನಂಥ ಐಟಿ ಮಂದಿಗೆ ಇದು ಚಾಕುವಿಗಿಂತ ದೊಡ್ಡ ಸುದ್ದಿ.

ಎರಡನೆಯದು ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳದ್ದು. ಸವ್ವಾ ಪ್ರಾಂತ್ಯದ ಮೋರಿಯೆನ್ ಕಣಿವೆಯಲ್ಲಿ ಕೊಡಲಿ, ಮಚ್ಚು ಮಾಡುವ ಮನೆತನದ ಜೋಸೆಫ್ ಒಪಿನೆಲ್ 1890ರಲ್ಲಿ, 18ನೇ ವಯಸ್ಸಿನಲ್ಲಿ, ರೈತರಿಗಾಗಿ ಒಂದು ಚಾಕು ಮಾಡಿದ. ಬೀಚ್ ಮರದ ದುಂಡು ಹಿಡಿ, ಅದರಲ್ಲೊಂದು ಸೀಳು, ಒಂದು ಅಲಗು, ಒಂದು ಮೊಳೆ, ಒಂದು ಲೋಹದ ಪಟ್ಟಿ. 1897ರಲ್ಲಿ 1ರಿಂದ 12ರವರೆಗೆ ಅಳತೆಗಳನ್ನು ಗೊತ್ತು ಮಾಡಿದ. ಇವತ್ತಿಗೂ ಅಂಗಡಿಯಲ್ಲಿ ಕೇಳುವುದು ನಂಬರ್ ಹೇಳಿಯೇ, ಚಪ್ಪಲಿಯ ಹಾಗೆ. ಸ್ಪ್ರಿಂಗ್ ಇಲ್ಲ. ಮರ ನೀರು ಕುಡಿದು ಉಬ್ಬಿದರೆ ಅಲಗು ಹೊರಗೆ ಬರುವುದಿಲ್ಲ, ಆಗ ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿದರೆ ಮೊನೆ ಇಣುಕುತ್ತದೆ. ಸವ್ವಾದವರ ಪೆಟ್ಟು ಎಂದೇ ಆ ಉಪಾಯಕ್ಕೆ ಹೆಸರು.

ಬೀಗ ಬಂದದ್ದು 65 ವರ್ಷಗಳ ನಂತರ. 1955ರಲ್ಲಿ ಜೋಸೆಫನ ಮಗ ಮಾರ್ಸೆಲ್ ಒಂದು ಸೀಳಿರುವ ಉಕ್ಕಿನ ಉಂಗುರವನ್ನು ಹಿಡಿಯ ಕುತ್ತಿಗೆಗೆ ತೊಡಿಸಿದ. ಅಲಗು ತೆರೆದ ಮೇಲೆ ಉಂಗುರವನ್ನು ಬೆರಳಿನಿಂದ ತಿರುಗಿಸಬೇಕು. ಉಂಗುರದ ಗಟ್ಟಿ ಭಾಗ ಹಿಡಿಯ ಸೀಳನ್ನು ಮುಚ್ಚುತ್ತದೆ, ಅಲಗಿಗೆ ಹಿಂದೆ ಹೋಗಲು ದಾರಿಯೇ ಇಲ್ಲ. ಇಲ್ಲಿ ಸ್ಪ್ರಿಂಗಿನ ಬಲಕ್ಕೂ ಮೊನೆಯ ಬಲಕ್ಕೂ ಸೆಣಸಾಟವಿಲ್ಲ, ಅಡ್ಡ ನಿಂತಿರುವುದು ಉಕ್ಕು. ಹದಿನಾರು ಪಟ್ಟಿನ ನನ್ನ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. 2000ದಿಂದ ಈಚೆಗೆ ಅದೇ ಉಂಗುರ ಮುಚ್ಚಿದ ಅಲಗನ್ನೂ ಬಿಗಿಯುತ್ತದೆ, ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳದಂತೆ.

ನನಗೆ ಹಿಡಿಸಿದ್ದು ಇನ್ನೊಂದು ಗುಣ. ಈ ಚಾಕು ತೆರೆಯಲು ಎರಡು ಕೈ ಬೇಕು. ಉಗುರಿನಿಂದ ಅಲಗು ಎಳೆಯಬೇಕು, ಆಮೇಲೆ ಉಂಗುರ ತಿರುಗಿಸಬೇಕು. ಕಟಕಟ ಸದ್ದಿಲ್ಲ, ಮಿಂಚಿನ ವೇಗವಿಲ್ಲ. ಬೀಗ ಇದೆ, ಅದು ಹಿಡಿದವನಿಗಾಗಿ ಇದೆ. ನಿಧಾನ ಇದೆ, ಅದು ನೋಡುವವನಿಗಾಗಿ ಇದೆ. ಸ್ಪೇನು, ರಾಂಪುರಗಳ ಬೀಗ ಮೊದಲನೆಯದನ್ನು ಮಾತ್ರ ಕೊಟ್ಟಿತು. ಹಿಗೊನೊಕಾಮಿ ಎರಡನೆಯದನ್ನು ಮಾತ್ರ ಕೊಟ್ಟಿತು.

ಅಮೆರಿಕದ ಚಾಕುಗಳು ಬೇರೆ ದಾರಿ ಹಿಡಿದವು. 1964ರ ಬಕ್ 110 ಬೆನ್ನಿನ ಬೀಗವನ್ನು ಬೇಟೆಗಾರರ ನಡುವೆ ಜನಪ್ರಿಯ ಮಾಡಿತು. 1981ರಲ್ಲಿ ಸ್ಪೈಡರ್ಕೋ ಅಲಗಿನಲ್ಲೊಂದು ದುಂಡು ತೂತು, ಹಿಡಿಗೊಂದು ಕ್ಲಿಪ್ ಇಟ್ಟು ಒಂದೇ ಕೈಯಲ್ಲಿ ತೆರೆಯುವಂತೆ ಮಾಡಿತು. ಹಗ್ಗ ಹಿಡಿದು ನಿಂತ ನಾವಿಕನಿಗೆ, ಏಣಿಯ ಮೇಲಿರುವ ಎಲೆಕ್ಟ್ರಿಷಿಯನ್‌ಗೆ ಅದು ವರ. ಸ್ವಿಸ್ ಸೈನ್ಯವೂ 2008ರಲ್ಲಿ ಒಂದೇ ಕೈಯಲ್ಲಿ ತೆರೆಯುವ, ಬೀಗವಿರುವ ಚಾಕುವಿಗೆ ಬದಲಾಯಿತು. ಗಟ್ಟಿತನದ ಪರೀಕ್ಷೆಯಲ್ಲಿ ಇವು ನನ್ನ ಮರದ ಹಿಡಿಯನ್ನು ಸೋಲಿಸುತ್ತವೆ, ಅದರಲ್ಲಿ ಅನುಮಾನವಿಲ್ಲ. ನನ್ನ ಕೆಲಸ ಮಾವಿನಹಣ್ಣು, ಕೊರಿಯರ್ ಪೆಟ್ಟಿಗೆ ಮತ್ತು ರೈಲಿನಲ್ಲಿ ಸೌತೆಕಾಯಿ. ನನ್ನ ಎರಡೂ ಕೈ ಖಾಲಿಯೇ ಇರುತ್ತವೆ.

ಆಯ್ಕೆ

ಕೊನೆಗೆ ನಾನು ಕೊಂಡದ್ದು ಒಪಿನೆಲ್ ನಂಬರ್ 6, ತುಕ್ಕು ಹಿಡಿಯದ ಉಕ್ಕಿನದು. ಕಾರ್ಬನ್ ಉಕ್ಕು ಸಾಣೆಗೆ ಬೇಗ ಒಲಿಯುತ್ತದೆ, ಆದರೆ ಮಾವಿನಕಾಯಿಯ ಹುಳಿಗೆ ಕಪ್ಪಾಗುತ್ತದೆ. ಪುಣೆಯ ಜುಲೈ ತಿಂಗಳಲ್ಲಿ, ಮುಂಬಯಿಯ ಯಾವುದೇ ತಿಂಗಳಲ್ಲಿ, ದಿನವೂ ಒರೆಸಿ ಎಣ್ಣೆ ಸವರುವ ಶಿಸ್ತು ನನಗಿಲ್ಲ. ಅಲಗು ಸುಮಾರು 7 ಸೆಂಟಿಮೀಟರ್, ದೆಹಲಿಯ ಆ ಮೂರು ಇಂಚಿನ ಒಳಗೆ. ಎಲ್ಲರೂ ಹೊಗಳುವ ನಂಬರ್ 8ರ ಅಲಗು 8.5 ಸೆಂಟಿಮೀಟರ್, ಅದು ಆ ಗೆರೆ ದಾಟುತ್ತದೆ. ದೆಹಲಿಗೆ ಆಗಾಗ ಹೋಗುವವನಿಗೆ ಒಂದೂವರೆ ಸೆಂಟಿಮೀಟರ್ ಉಕ್ಕಿಗಿಂತ ನೆಮ್ಮದಿ ಮುಖ್ಯ. ವಿಮಾನವಾದರೆ ಅದು ಚೆಕ್-ಇನ್ ಬ್ಯಾಗಿನಲ್ಲಿ, ಕ್ಯಾಬಿನ್ನಿನಲ್ಲಿ ಅಲ್ಲ. ಕಾರ್ಪೊರೇಟ್ ಗೇಟಿನಲ್ಲಿ ಸೆಕ್ಯುರಿಟಿಯವರು ಕೇಳಿದರೆ ಅವರ ಮೇಜಿನ ಮೇಲೆ ಇಡುತ್ತೇನೆ, ಸಂಜೆ ತೆಗೆದುಕೊಳ್ಳುತ್ತೇನೆ.

ನೀವು ಆರಿಸಲು ಹೊರಟರೆ ನಾನು ಹೇಳುವುದು ಇಷ್ಟು. ಮೊದಲು ನಿಮ್ಮ ಕೆಲಸ ಬರೆದಿಟ್ಟುಕೊಳ್ಳಿ. ಮೊನೆಯಿಂದ ಒತ್ತುವ ಕೆಲಸವಿದ್ದರೆ ಬೀಗ ಬೇಕೇ ಬೇಕು. ಬರೀ ಹಣ್ಣು, ದಾರ, ಕಾಗದವಾದರೆ ಸ್ಪ್ರಿಂಗಿನ ಸಣ್ಣ ಚಾಕು ಸಾಕು. ತೆರೆದ ಅಲಗನ್ನು ಬೆರಳುಗಳಲ್ಲಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ, ಗಡಗಡ ಅಂದರೆ ಬೇಡ. ಮೂರು ಇಂಚು ದಾಟಬೇಡಿ. ಸಾಣೆ ಹಿಡಿಯಲು ಮನೆಯಲ್ಲೇ ಆಗುವಂಥ ಉಕ್ಕು ಇರಲಿ. ಕೊನೆಯದಾಗಿ, ಅದನ್ನು ಪರಿಚಯವಿಲ್ಲದ ಹತ್ತು ಜನರ ಮುಂದೆ ತೆರೆದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ಆ ಕೊನೆಯ ಪರೀಕ್ಷೆಯೇ ನನ್ನನ್ನು ಇನ್ನೂ ಕಾಡುವುದು, ಯಾಕೆಂದರೆ ಅದು ಚಾಕುವಿನ ಪರೀಕ್ಷೆ ಅಲ್ಲ. ಕೊಡವರ ಮದುವೆಯಲ್ಲಿ ಮದುಮಗನ ಸೊಂಟದಲ್ಲಿ ಬೆಳ್ಳಿಯ ಒರೆಯ ಪೀಚೆಕತ್ತಿ ಇರುತ್ತದೆ, ಅದು ಮರ್ಯಾದೆ. ಸಿಖ್ಖರ ಕೃಪಾಣಕ್ಕೆ ಸಂವಿಧಾನದ 25ನೇ ವಿಧಿಯಲ್ಲೇ ಜಾಗವಿದೆ, ಅದು ಧರ್ಮ. ಅಲಗು ಎಲ್ಲ ಕಡೆ ಅಲಗೇ. ಹೆಸರು ಬದಲಾಗುತ್ತದೆ.

ಈ ವರ್ಷ ಮೇ ತಿಂಗಳಲ್ಲಿ ಮತ್ತೆ ಹಾಪೂಸ್ ಪೆಟ್ಟಿಗೆ ಬಂತು. ನಂಬರ್ 6 ತೆಗೆದು, ಉಂಗುರ ತಿರುಗಿಸಿ, ಪಟ್ಟಿ ಕೊಯ್ದೆ. ಕಳೆದ ವರ್ಷ ಟಿಶ್ಯೂ ಕೊಟ್ಟ ಹುಡುಗನೇ ಪಕ್ಕದಲ್ಲಿದ್ದ. "ಚೆನ್ನಾಗಿದೆ ಸರ್, ಎಲ್ಲಿಯದು?" ಅಂದ. ಫ್ರಾನ್ಸಿನದು ಅಂದೆ. ಕೈಗೆ ತೆಗೆದುಕೊಂಡು ಮರದ ಹಿಡಿಯನ್ನು ಸವರಿ ನೋಡಿ, ತಾನೂ ಒಂದು ತರಿಸಿಕೊಳ್ಳುತ್ತೇನೆ ಎಂದ.

ರಾಂಪುರದಲ್ಲಿ 2023ರಲ್ಲಿ ಒಂದು ಚೌಕದಲ್ಲಿ ಇಪ್ಪತ್ತು ಅಡಿ ಉದ್ದದ ಚಾಕುವನ್ನು ನಿಲ್ಲಿಸಿ ಅದಕ್ಕೆ ಚಾಕು ಚೌಕ ಎಂದು ಹೆಸರಿಟ್ಟರು, ಊರಿನ ಕಸುಬಿನ ನೆನಪಿಗೆ. ಆ ಊರಿನ ಕುಶಲಕರ್ಮಿಯೊಬ್ಬ ಇದೇ ಉಂಗುರ, ಇದೇ ಮರ, ಇದೇ 7 ಸೆಂಟಿಮೀಟರ್ ಅಲಗು ಇಟ್ಟು ಒಂದು ಚಾಕು ಮಾಡಿದ್ದರೆ, ಮತ್ತು ನಾನು "ರಾಂಪುರದ್ದು" ಅಂದಿದ್ದರೆ, ಆ ಹುಡುಗ ಕೈ ಚಾಚುತ್ತಿದ್ದನೇ? ಮಾವಿನ ಹೋಳು ತಟ್ಟೆಗೆ ಹಾಕಿ ಉಂಗುರ ತಿರುಗಿಸಿ ಅಲಗು ಮಡಚಿದೆ. ಉತ್ತರ ನನಗೆ ಗೊತ್ತಿತ್ತು.